ಗಂಗಾವತಿಗೆ ನಾನು ಒಯ್ದ ಬಿಸಿಲು

ನಡುವಯಸ್ಸಿನ ಗಂಡಸಿಗೂ ಒಂದಾದರೂ ಆಟದಲ್ಲಿ ಗೆಲ್ಲುವ ಆಸೆ ಉಳಿದಿರುತ್ತದೆ ಎಂಬ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅವನು ಸಕ್ಕರೆ ಕಾಯಿಲೆಯ ಬಗ್ಗೆಯೋ ಮೊಣಕಾಲು ನೋವಿನ ಬಗ್ಗೆಯೋ ಮಾತೆತ್ತಿದರೆ ಜನ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಾರೆ. 'ಹೆಂಡತಿಯ ತಮ್ಮನನ್ನು ಮೊಬೈಲ್ ಗೇಮಿನಲ್ಲಿ ಸೋಲಿಸಬೇಕಾಗಿದೆ' ಎಂದರೆ ಮಾತ್ರ ಅವನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಆದರೆ ನನ್ನ ಸ್ಥಿತಿ ಅದೇ ಆಗಿತ್ತು. ನನ್ನ ಭಾವಮೈದುನ ಮಂಜುನಾಥನದು ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನನ್ನ ಮದುವೆಯಾದಾಗಿನಿಂದ ಅವನು ನನ್ನನ್ನು ಕೇರಂನಲ್ಲಿ, ಇಸ್ಪೀಟಿನಲ್ಲಿ, ಚೌಕಾಬಾರದಲ್ಲಿ, ಕೊನೆಗೆ ಹೋಳಿಗೆ ತಿನ್ನುವುದರಲ್ಲಿಯೂ ಸೋಲಿಸಿದ್ದಾನೆ. ಸೋಲಿಸಿದರೂ ಸಹಿಸಬಹುದು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ ಮಾಮಾ, ಆಫೀಸಿನ್ಯಾಗ ನಿಮ್ಮ ಕೈ ಭಾಳ ಛಲೋ ಐತಿ" ಎನ್ನುತ್ತಾನಲ್ಲ, ಅದು ಆಗುವುದಿಲ್ಲ. ನಾನು ಕುಷ್ಟಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ನನ್ನ ಕೈ ಎಷ್ಟು ಛಲೋ ಇದೆ ಎಂಬುದು ಸಾಹೇಬರಿಗೂ ಗೊತ್ತು, ನನಗೂ ಗೊತ್ತು.

ಒಮ್ಮೆ ಅವನು ಕೊಪ್ಪಳದ ಭಾಗ್ಯನಗರದ ನಮ್ಮ ಮನೆಗೆ ಬಂದಾಗ ಮೊಬೈಲಿನಲ್ಲಿ ರಾಕ್ಷಸ ಪ್ರಾಣಿಗಳ ಕಾಳಗದ ಆಟವೊಂದನ್ನು ತೋರಿಸಿದ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಆರು ಪ್ರಾಣಿಗಳ ತಂಡ. ಒಂದೊಂದೇ ಪ್ರಾಣಿ ಕಣಕ್ಕಿಳಿದು ಕಾದಾಡುತ್ತದೆ. ಸುಸ್ತಾಗಿ ಬಿದ್ದರೆ ಮುಂದಿನದು ಬರುತ್ತದೆ. ಇದರಲ್ಲಿ ಹವಾಮಾನವೂ ಒಂದು ಆಯುಧ. ಕೆಲವು ಪ್ರಾಣಿಗಳು ಕಾಲಿಟ್ಟ ಕೂಡಲೇ ಮಳೆ ಸುರಿಯುತ್ತದೆ, ಆಗ ನೀರಿನ ಪ್ರಾಣಿಗಳಿಗೆ ದುಪ್ಪಟ್ಟು ಹುರುಪು. ಕೆಲವು ಬಿಸಿಲು ತರುತ್ತವೆ, ಆಗ ಬೆಂಕಿಯ ಪ್ರಾಣಿಗಳದೇ ರಾಜ್ಯ. ಮಂಜುನಾಥನದು ಮಳೆಯ ತಂಡ, ಮಳೆ ತರುವುದು ಒಂದು ಕಪ್ಪೆ. ಕಾಲುವೆಯ ನೀರು, ಭತ್ತದ ಗದ್ದೆ ನೋಡುತ್ತ ಬೆಳೆದವನು ಇನ್ನೇನು ಮಾಡಿಯಾನು? ಕೇಳಿದ ಕ್ಷಣದಲ್ಲೇ ನನ್ನ ತಂಡವೂ ತೀರ್ಮಾನವಾಯಿತು. ಬಿಸಿಲಿನ ವಿಷಯದಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳಲ್ಲಿ ನೌಕರಿ ಮಾಡಿದವನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಪಂದ್ಯ ಗಂಗಾವತಿಯಲ್ಲಿ, ಅವನ ಮಗಳ ತೊಟ್ಟಿಲ ಕಾರ್ಯದ ದಿನ ಊಟವಾದ ಮೇಲೆ ಎಂದಾಯಿತು. ಸೋತವನು ಬಂದ ನೆಂಟರಿಗೆಲ್ಲ ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಬಡಿಸಬೇಕು. ಅಷ್ಟೇ ಅಲ್ಲ, ಗೆದ್ದವನನ್ನು ಎಲ್ಲರೆದುರು 'ನನಗಿಂತ ಶ್ಯಾಣ್ಯಾ' ಎಂದು ಒಪ್ಪಿಕೊಳ್ಳಬೇಕು. ಈ ಎರಡನೆಯ ಷರತ್ತು ನಾನು ಸೇರಿಸಿದ್ದು. ಆ ಒಂದು ಮಾತಿಗಾಗಿ ನಾನು ಕುಷ್ಟಗಿಯ ಬಸ್ಸಿನಲ್ಲಿ ಹೋಗುತ್ತ ಬರುತ್ತ ತಂಡ ಕಟ್ಟಿದೆ. ನನ್ನ ಬಿಸಿಲು ತರುವ ಪ್ರಾಣಿ ಆಮೆಯಂಥದು, ಬೆನ್ನಿನಿಂದ ಹೊಗೆ ಬಿಡುತ್ತಿತ್ತು. ಆ ಆಟದಲ್ಲಿ ಒಂದು ಸೊಗಸಾದ ನಿಯಮವಿದೆ. ಇಬ್ಬರ ಪ್ರಾಣಿಗಳೂ ಒಟ್ಟಿಗೆ ಹವಾಮಾನ ತಂದರೆ, ವೇಗದ ಪ್ರಾಣಿಯದು ಮೊದಲು ಬಂದು, ನಿಧಾನದ ಪ್ರಾಣಿಯದು ಆಮೇಲೆ ಬಂದು ಅದನ್ನು ಅಳಿಸಿಹಾಕುತ್ತದೆ. ಅಂದರೆ ನಿಧಾನ ಇದ್ದವನ ಹವಾಮಾನವೇ ನಿಲ್ಲುತ್ತದೆ! ಇಂಥ ನ್ಯಾಯವಾದ ನಿಯಮವನ್ನು ನಾನು ನನ್ನ ಸೇವಾವಧಿಯಲ್ಲೇ ಕಂಡಿರಲಿಲ್ಲ. ಆಮೆಯನ್ನು ಇನ್ನಷ್ಟು ನಿಧಾನ ಮಾಡಿ, ಪ್ರೀತಿಯಿಂದ 'ಸಾಹೇಬ' ಎಂದು ಹೆಸರಿಟ್ಟೆ. ಉಳಿದ ಐದು ಸ್ಥಾನಗಳಿಗೂ ಬೆಂಕಿ ಕಾರುವವರನ್ನೇ ತುಂಬಿದೆ.

ಅಭ್ಯಾಸಕ್ಕೆ ಎದುರಾಳಿ ಬೇಕಲ್ಲ. ನನ್ನ ಹೆಂಡತಿ ಗಿರಿಜಾಳ ಮೊಬೈಲಿಗೂ ಆಟ ಹಾಕಿಕೊಟ್ಟು, "ನೀ ನಿನ್ನ ತಮ್ಮ ಅಂತ ತಿಳ್ಕೊಂಡು ಆಡು" ಎಂದೆ. ಅವಳು ರೊಟ್ಟಿ ಬಡಿದು ಕೈ ತೊಳೆದುಕೊಂಡು ಬಂದು ಆಡುತ್ತಿದ್ದಳು. ಮೊದಮೊದಲು ನಾನು ಗೆದ್ದೆ. ಆಮೇಲೆ ಅವಳೇ ಗೆಲ್ಲತೊಡಗಿದಳು. ಅಭ್ಯಾಸದ ಸೋಲು ಸೋಲಲ್ಲ ಎಂದು ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ದಿನ ಅವಳು ಕೇಳಿದಳು:

"ಅಲ್ರಿ, ಅವ ಮಳಿ ಬಿಟ್ಟು ಧೂಳಿ ತಂದ್ರ ಏನ್ ಮಾಡ್ತೀರಿ? ಧೂಳಿ ತರೋ ಪ್ರಾಣಿನೂ ಅದಾವು ಇದರಾಗ. ನಿಮ್ಮ ಬೆಂಕಿ ಎಲ್ಲಾ ಆರಿ ಹೋಗ್ತೈತಿ."

"ಗಂಗಾವತ್ಯಾಗ ಎಲ್ಲಿ ಧೂಳಿ? ನೀ ಸುಮ್ನ ಆಡು" ಎಂದು ನಕ್ಕೆ.

ತೊಟ್ಟಿಲ ಕಾರ್ಯ ಚೆನ್ನಾಗಿ ಆಯಿತು. ಊಟವಾದ ಮೇಲೆ ಮಂಜುನಾಥ ಮೊಬೈಲನ್ನು ಟೀವಿಗೆ ಜೋಡಿಸಿದ. ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಂಡು ಜಮಖಾನೆಯ ಮೇಲೆ ಸಾಲಾಗಿ ಕೂತರು. ನಮ್ಮತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಂದಿನ ಜಾಗ ಹಿಡಿದರು. ನಾನು ಸಾಹೇಬನನ್ನು ಇಳಿಸಿದೆ. ಟೀವಿಯ ತುಂಬ ಬಿಸಿಲು ಹೊಡೆಯಿತು, ನನ್ನ ಎದೆ ಉಬ್ಬಿತು. ಮರುಗಳಿಗೆಯಲ್ಲಿ ಟೀವಿ ಮಸುಕಾಯಿತು. ಮಂಜುನಾಥ ಇಳಿಸಿದ್ದು ಮಳೆಯ ಕಪ್ಪೆಯನ್ನಲ್ಲ, ಸಾಹೇಬನಿಗಿಂತಲೂ ನಿಧಾನವಾದ ಒಂದು ಕಲ್ಲುಹಂದಿಯನ್ನು. ಅದು ಧೂಳಿನ ಬಿರುಗಾಳಿ ಎಬ್ಬಿಸಿತ್ತು. ನನ್ನ ಬಿಸಿಲು ಅಳಿಸಿಹೋಯಿತು. ಕಲ್ಲುಹಂದಿಗೆ ಧೂಳಿನಿಂದ ಏನೂ ಆಗುವುದಿಲ್ಲ. ನನ್ನ ಬೆಂಕಿಯ ಪ್ರಾಣಿಗಳು ಮಾತ್ರ ಪ್ರತಿ ಸರದಿಗೂ ಕೆಮ್ಮುತ್ತ ಸವೆದು, ಒಂದರ ಹಿಂದೊಂದು ಕಲ್ಲಿನೇಟು ತಿಂದು ಮಲಗಿದವು. ಎಲ್ಲವೂ ಮುಗಿಯುವಷ್ಟರಲ್ಲಿ ಕೂಸು ಕೂಡ ಎದ್ದಿರಲಿಲ್ಲ.

"ಇಷ್ಟೇನಾ?" ಎಂದರು ನಮ್ಮತ್ತೆ.

ನಾನು ಗಿರಿಜಾಳನ್ನು ಪಕ್ಕಕ್ಕೆ ಕರೆದು, "ಧೂಳಿನ ವಿಷಯ ಅವನಿಗೆ ಹೇಳಿದವರು ಯಾರು?" ಎಂದೆ.

"ನಾನ. ಫೋನಿನ್ಯಾಗ ಕೇಳಿದ, ಹೇಳಿದೆ. ನಿಮಗೂ ಹೇಳಿದ್ನಲ್ಲರಿ? ನೀವು ಕೇಳ್ಲಿಲ್ಲ, ಅವ ಕೇಳಿದ."

ಅಷ್ಟರಲ್ಲಿ ಮಂಜುನಾಥ ಬಂದು ಹೆಗಲ ಮೇಲೆ ಕೈಯಿಟ್ಟ. "ಇರ್ಲಿ ಬಿಡ್ರಿ ಮಾಮಾ..." ಎಂದು ಶುರುಮಾಡಿದ. ಗಿರಿಜಾಳ ಮುಖ ಬದಲಾಯಿತು.

"ತಮ್ಮಾ, ಕೈ ತಗಿ. ನನ್ನ ಜೋಡಿ ಒಂದ್ ಆಟ ಆಡು. ಅದ ಷರತ್ತು."

ಅವಳು ನನ್ನದೇ ತಂಡ ತೆಗೆದುಕೊಂಡಳು. ಇಬ್ಬರು ಬೆಂಕಿಯವರನ್ನು ಹೊರಹಾಕಿ, ಬಿಸಿಲು ಕುಡಿದು ಬಲಿಯುವ ಎರಡು ಬಳ್ಳಿಯ ಪ್ರಾಣಿಗಳನ್ನು ಸೇರಿಸಿದಳು. ಸಾಹೇಬನನ್ನು ಮೊದಲು ಇಳಿಸಲೇ ಇಲ್ಲ. ಮಂಜುನಾಥನ ಕಲ್ಲುಹಂದಿ ಬಂದು ತನ್ನ ಧೂಳನ್ನೆಲ್ಲ ಎಬ್ಬಿಸಿ ಮುಗಿಸಿದ ಮೇಲೆ ಆಮೆ ಮೆಲ್ಲಗೆ ಬಂತು. ಧೂಳು ಇಳಿದು ಬಿಸಿಲು ನಿಂತಿತು. ಹಿಂದೆಯೇ ಬಂದ ಬಳ್ಳಿ ಒಂದೇ ಏಟಿಗೆ ಹಂದಿಯನ್ನು ಮಲಗಿಸಿತು. ಅವನು ಗಾಬರಿಯಾಗಿ ನೀರಿನ ಪ್ರಾಣಿಗಳನ್ನು ಇಳಿಸಿದ, ಅವನ್ನೂ ಬಳ್ಳಿ ಹೀರಿಹಾಕಿತು. ಕೊನೆಗೆ ಕಪ್ಪೆಯೂ ಬಿದ್ದಾಗ ಜಮಖಾನೆಯ ಮೇಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೂಸು ಎದ್ದು ಅತ್ತಿತು.

"ನಮ್ಮಕ್ಕ ನನಗಿಂತ ಶ್ಯಾಣ್ಯಾಕಿ" ಎಂದು ಮಂಜುನಾಥ ಗೋಡೆ ನೋಡುತ್ತ ಹೇಳಿದ. ಆ ಮಾತು ನನಗೆ ಬರಬೇಕಿತ್ತು, ಪಕ್ಕದಲ್ಲಿ ಹಾದುಹೋಯಿತು. ಆದರೂ ಎಷ್ಟು ಸಂತೋಷವಾಯಿತೆಂದರೆ ಕಣ್ಣು ಒರೆಸಿಕೊಂಡೆ. ಸಂಜೆ ಅಡುಗೆಮನೆಯಲ್ಲಿ ಸೋತವರಿಬ್ಬರೂ ಒಂದೇ ಬಾಣಲೆಯ ಮುಂದೆ ನಿಂತೆವು. ಅವನು ಮೆಣಸಿನಕಾಯಿ ಸೀಳಿ ಹಿಟ್ಟಿನಲ್ಲಿ ಅದ್ದಿ ಕೊಡುವುದು, ನಾನು ಕರಿಯುವುದು. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ತಂಡದಲ್ಲಿದ್ದದ್ದು ಅದೇ ಮೊದಲು. ನಾನು ಕರಿದವು ಸ್ವಲ್ಪ ಸೀದಿದ್ದವು. ಅವೂ ಖಾಲಿಯಾದವು.

ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರಿಗೆ ಇಡೀ ಕಾಳಗವನ್ನು ವರ್ಣಿಸಿ, ಕೊನೆಗೆ, "ಆಕೆಗೆ ಆಟ ಕಲಿಸಿದವನು ನಾನೇ" ಎಂದೆ. ಕಿಟಕಿಯ ಬಳಿ ಕೂತಿದ್ದ ಗಿರಿಜಾ ತಿರುಗಿದಳು.

"ಏನ್ ಕಲಿಸಿದ್ರಿ?"

ಹಿರಿಯರು ಉತ್ತರಕ್ಕೆ ಕಾಯುತ್ತಿದ್ದರು. "ಹೆಂಗ ಆಡಿದ್ರ ಸೋಲ್ತಾರ ಅಂತ ತೋರಿಸಿದೆ" ಎಂದೆ.

ಅವಳು ಹಿರಿಯರ ಕಡೆ ನೋಡಿ ತಲೆಯಾಡಿಸಿದಳು. "ಅದು ಖರೆ ರಿ. ಒಂದ್ ದಿನಾನೂ ತಪ್ಪಿಸಲಿಲ್ಲ."