ಸಂತ ಪ್ಯಾಟ್ರಿಕ್‌ರ ಹಬ್ಬದಲ್ಲಿ ಹುಬ್ಬಳ್ಳಿಯವರು

ಮಾರ್ಚ್ ಹದಿನೇಳು ಹತ್ತಿರ ಬಂತೆಂದರೆ ನನ್ನ ಎದೆ ಡವಡವ ಎನ್ನತೊಡಗುತ್ತದೆ. ಬರ್ಮಿಂಗ್‌ಹ್ಯಾಮ್ ಕಡೆಗೆ ಬಂದು ಏಳು ವರ್ಷವಾಯಿತು, ಐರಿಷ್ ಜನರ ಸಂತ ಪ್ಯಾಟ್ರಿಕ್‌ರ ಹಬ್ಬ ಒಂದು ಸಲವೂ ನನ್ನನ್ನು ಸುಮ್ಮನೆ ದಾಟಿಹೋಗಿಲ್ಲ. ನಾನು ಹುಬ್ಬಳ್ಳಿಯ ಮುಸಲ್ಮಾನ, ಕೆಲಸದಲ್ಲಿ ಎಂಜಿನಿಯರ್, ಹೆಂಡ ಮುಟ್ಟದವನು. ಆ ಹಬ್ಬಕ್ಕೂ ನಿನಗೂ ಏನಪ್ಪಾ ಸಂಬಂಧ ಎಂದು ನೀವು ಕೇಳಬಹುದು. ಪ್ರತಿ ವರ್ಷ ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ.

ಹೂವು ಎಲ್ಲಿಡಲಿ?

ಮೊದಲ ವರ್ಷ ಆಫೀಸಿನವರು, "ಇವತ್ತು ಸಂತ ಪ್ಯಾಟ್ರಿಕ್‌ರ ದಿನ, ಸಂಜೆ ನೀನೂ ಬಾ" ಎಂದು ವಿಳಾಸ ಕೊಟ್ಟರು. ಸಂತರ ದಿನವೆಂದರೆ ನನಗೆ ಗೊತ್ತಿದ್ದದ್ದು ಉರುಸು. ಸ್ನಾನ ಮಾಡಿ, ಅತ್ತರು ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಬರಿಗೈಲಿ ಹೋಗಬಾರದೆಂದು ದೊಡ್ಡದೊಂದು ಹೂಗುಚ್ಛ ಹಿಡಿದು ಹೊರಟೆ.

ಹೋಗಿ ನೋಡಿದರೆ ಅದು ಪಬ್. ಒಳಗೆ ಹಸಿರು ಟೋಪಿ, ಹಸಿರು ಬಿಯರು, ಮೇಜಿನ ಮೇಲೆ ಕುಣಿತ. ನಮ್ಮ ಮ್ಯಾನೇಜರ್ ಹಸಿರು ಗಡ್ಡ ಅಂಟಿಸಿಕೊಂಡು ನಿಂತಿದ್ದರು. ನಾನು ವಿನಯದಿಂದ ಕೇಳಿದೆ, "ಸಂತರಿಗೆ ಈ ಹೂವು ಎಲ್ಲಿ ಅರ್ಪಿಸಬೇಕು?"

ಅವರು ಹೂವನ್ನು ನೋಡಿದರು, ನನ್ನನ್ನು ನೋಡಿದರು, ಬಾರಿನ ಕಡೆ ಬೆರಳು ತೋರಿಸಿದರು. "ಕ್ಯೂ ಅಲ್ಲಿಂದ ಶುರು."

ರಜೆ ಇಲ್ಲದ ಉಪವಾಸ

ಇನ್ನೊಂದು ವರ್ಷ ಹಬ್ಬ ರಂಜಾನಿನಲ್ಲೇ ಬಿತ್ತು. ಲೆಸ್ಟರ್‌ನಲ್ಲಿ ನೆಂಟರ ಮನೆಯಲ್ಲಿ ಇಫ್ತಾರ್ ಇತ್ತು. ಇದ್ದುದರಲ್ಲಿ ಒಳ್ಳೆಯ ಕುರ್ತಾ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಕುರ್ತಾ ಗಿಳಿ ಹಸಿರು ಎಂಬುದು ಹಸಿರು ಟೋಪಿಗಳ ದಂಡೊಂದು ಕೇಕೆ ಹಾಕುತ್ತ ನನ್ನ ಕಡೆ ಓಡಿ ಬಂದಾಗಲೇ ತಲೆಗೆ ಹೊಳೆದದ್ದು. ಫೋಟೋ ತೆಗೆಸಿಕೊಂಡದ್ದೇ ತೆಗೆಸಿಕೊಂಡದ್ದು! ಅವರಲ್ಲೊಬ್ಬ ಕೈಗೆ ಬಿಯರ್ ಕ್ಯಾನ್ ತುರುಕಿದ.

"ಬೇಡಪ್ಪ, ನಾನು ಉಪವಾಸ."

"ನಾನೂ ಉಪವಾಸವೇ, ಈಸ್ಟರ್‌ವರೆಗೆ! ಆದರೆ ಇವತ್ತು ನಮ್ಮ ಸಂತರ ದಿನ, ಉಪವಾಸಕ್ಕೆ ರಜೆ."

"ನಮ್ಮದಕ್ಕೆ ರಜೆ ಇಲ್ಲ."

"ತಿಂಗಳಿಗೆ ಒಂದು ದಿನವೂ?"

"ಒಂದು ದಿನವೂ ಇಲ್ಲ. ನೀರೂ ಇಲ್ಲ."

ಅವನಿಗೆ ನಿಜವಾಗಿ ಬೇಜಾರಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದ, "ನಿಮ್ಮ ಯೂನಿಯನ್ ಏನು ಮಾಡ್ತಾ ಇದೆ?"

ಪಕ್ಕದ ಮನೆಯ ಡಬ್ಬಿ

ಸಟನ್ ಕೋಲ್ಡ್‌ಫೀಲ್ಡ್‌ನ ನಮ್ಮ ಮನೆಯ ಪಕ್ಕದಲ್ಲಿ ಐರಿಷ್ ಆಂಟಿಯೊಬ್ಬರಿದ್ದಾರೆ. ಹರೆಯದಲ್ಲಿ ನರ್ಸ್ ಆಗಿ ಬಂದವರು, ಈಗ ಒಬ್ಬರೇ. ನನಗೆ ಹೊರಗಿಡುವ ಕಸದ ಬಿನ್ ಯಾವ ವಾರ ಯಾವ ಬಣ್ಣ ಎಂಬುದರಿಂದ ಹಿಡಿದು ಎಲ್ಲ ಕಲಿಸಿದ ಪುಣ್ಯಾತ್ಗಿತ್ತಿ. ಹಸಿರು ಗಡ್ಡ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಅವರ ಹಬ್ಬವೆಂದರೆ ಬೆಳಗಿನ ಪೂಜೆ, ಮತ್ತು ಶಾಮ್‌ರಾಕ್ ಎಂಬ ಮೂರೆಲೆಯ ಸೊಪ್ಪು. ಐರ್ಲೆಂಡಿನಿಂದ ಅವರ ತಮ್ಮ ಅದನ್ನು ಪ್ರತಿ ವರ್ಷ ಅಂಚೆಯಲ್ಲಿ ಕಳಿಸುತ್ತಾನೆ. ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿದ ಮೇಲೆ ಇಪ್ಪತ್ತು ಜನ ಮುದುಕ ಮುದುಕಿಯರ ಎದೆಗೆ ಆಂಟಿ ತಾವೇ ಅದನ್ನು ಪಿನ್ನಿನಿಂದ ಚುಚ್ಚುತ್ತಾರೆ. "ಅವರಿಗೆ ಇನ್ನು ಊರಿಗೆ ಹೋಗೋಕೆ ಆಗಲ್ಲ ಮಗಾ. ವರ್ಷಕ್ಕೊಂದು ಸಲ ಊರೇ ಇಲ್ಲಿಗೆ ಬರಬೇಕು" ಎನ್ನುತ್ತಾರೆ.

ಈ ವರ್ಷ ಸೊಪ್ಪು ಬಂದಾಗ ಆಂಟಿ ನಾಟಿಂಗ್‌ಹ್ಯಾಮ್‌ನಲ್ಲಿ ಮಗಳ ಮನೆಯಲ್ಲಿದ್ದರು. ಅಂಚೆಯವನು ನಮ್ಮಲ್ಲಿ ಕೊಟ್ಟು ಹೋದ. ಆಂಟಿ ಫೋನ್ ಮಾಡಿ, "ನೀರು ಚಿಮುಕಿಸಿ ಫ್ರಿಜ್ಜಿನಲ್ಲಿಡು. ನಾಳೆ ಬೆಳಿಗ್ಗೆ ಇಗರ್ಜಿಗೆ ಹೋಗ್ತಾ ತಗೊಂಡು ಹೋಗ್ತೀನಿ" ಎಂದರು. ನಾನು ಸೊಪ್ಪನ್ನು ತೊಳೆದು, ಅವರದೇ ಡಬ್ಬಿಗೆ ತುಂಬಿ, ಸೊಪ್ಪು ಇಡುವ ಖಾನೆಯಲ್ಲಿ ಇಟ್ಟೆ. ಹುಬ್ಬಳ್ಳಿಯಿಂದ ಬಂದಿರುವ ನಮ್ಮ ಅಮ್ಮಿಗೆ ಹೇಳುವುದನ್ನು ಮರೆತೆ.

ಈ ವರ್ಷವೂ ರಂಜಾನ್ ನಡೆದಿತ್ತು. ಸಂಜೆ ರೋಜಾ ಬಿಡಲು ಕೂತಾಗ ರೊಟ್ಟಿಯ ಜೊತೆ ಬೇಳೆ ಹಾಕಿದ ಪಲ್ಯ ಬಂತು. ಉಪವಾಸವಾದ್ದರಿಂದ ಅಮ್ಮಿ ಅಡಿಗೆಯ ರುಚಿ ನೋಡಿರಲಿಲ್ಲ. ಮನೆಯಲ್ಲಿ ನಾವು ಆಡುವುದು ದಖ್ಖನಿ. ಬೇಸರವಾದರೆ ಮಾತ್ರ ಅಮ್ಮಿಯ ಬಾಯಲ್ಲಿ ಹುಬ್ಬಳ್ಳಿ ಕನ್ನಡ ಬರುತ್ತದೆ.

"ಈ ದೇಶದ ಮೆಂತೆಪಲ್ಯೆಕ್ಕ ಖದರs ಇಲ್ಲ ನೋಡು. ಒಂದೀಟೂ ಕಹಿ ಇಲ್ಲ."

ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. "ಅಮ್ಮಿ, ಯಾವ ಮೆಂತೆ?"

"ಡಬ್ಬಿಯಾಗ ತೊಳದು ಇಟ್ಟಿದ್ದಿಯಲ್ಲ? ಅದನ್ನ ಮೊದಲ ಖರ್ಚು ಮಾಡಿದೆ. ನೀ ತಂದ ಕಟ್ಟಿನ ಮೆಂತೆ ಹಂಗs ಐತಿ."

ವಿಷಯ ತಿಳಿಸಿದೆ. ಅಮ್ಮಿ ಪಲ್ಯದ ಬೋಗುಣಿಯ ಮುಚ್ಚಳ ತೆಗೆದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಇನ್ನೂ ಸ್ವಲ್ಪ ಉಳದೈತಿ. ಬ್ಯಾಳಿ ತಗದು ಕೊಟ್ರ ನಡೀತೈತೇನು?"

ಇಗರ್ಜಿಯಲ್ಲಿ

ಬೆಳಿಗ್ಗೆ ಆಂಟಿಗೆ ನಿಜ ಹೇಳಿ ಕ್ಷಮೆ ಕೇಳುವುದೆಂದು ನಿಶ್ಚಯಿಸಿದೆ. ಅರ್ಧ ಗಡ್ಡ ಹೆರೆದಿದ್ದೆ, ಹೊರಗೆ ಆಂಟಿಯ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಕೆಳಗೆ ಓಡಿ ಬರುವಷ್ಟರಲ್ಲಿ ಅಮ್ಮಿ ಸಮಾಧಾನದಿಂದ ಬಾಗಿಲು ಹಾಕುತ್ತಿದ್ದರು.

"ಅವರ ಡಬ್ಬಿ ಕೊಟ್ಟೆ."

"ಖಾಲಿ ಡಬ್ಬಿನಾ?"

"ಮಂದಿ ಡಬ್ಬಿ ಖಾಲಿ ಕೊಡತಾರೇನೋ? ಕಟ್ಟಿನ ಮೆಂತೆ ಛಲೋತಂಗ ಬಿಡಿಸಿ ತುಂಬಿಕೊಟ್ಟೆ."

ಓಡಿದೆ. ಇಗರ್ಜಿ ತಲುಪಿದಾಗ ಪೂಜೆ ಶುರುವಾಗಿಬಿಟ್ಟಿತ್ತು. ಡಬ್ಬಿ ಪಾದ್ರಿಯ ಮುಂದಿತ್ತು. ಪಾದ್ರಿ ಮಂಗಳೂರಿನವರು, ಆಂಟಿಯೇ ಒಮ್ಮೆ ಹೇಳಿದ್ದರು. ಅವರು ಮುಚ್ಚಳ ತೆಗೆದರು. ಮೂಗು ಅರಳಿತು. ತಲೆಯೆತ್ತಿ ಸಭೆಯನ್ನೆಲ್ಲ ಒಮ್ಮೆ ಹುಡುಕಿದರು. ಹಿಂದಿನ ಬೆಂಚಿನಲ್ಲಿ, ಒಂದು ಕೆನ್ನೆಗೆ ಸೋಪಿನ ನೊರೆ ಇದ್ದ ನನ್ನ ಮೇಲೆ ಅವರ ಕಣ್ಣು ನಿಂತಿತು. ನಾನು ಕೈ ಮುಗಿದೆ. ಅವರು ನಿಟ್ಟುಸಿರು ಬಿಟ್ಟು ಮೆಂತ್ಯವನ್ನು ಆಶೀರ್ವದಿಸಿದರು.

ಆಂಟಿ ಒಬ್ಬೊಬ್ಬರ ಎದೆಗೂ ಎಲೆ ಚುಚ್ಚುತ್ತ ಹೋದರು. ಕನ್ನಡಕವನ್ನು ಅವಸರದಲ್ಲಿ ನಾಟಿಂಗ್‌ಹ್ಯಾಮ್‌ನಲ್ಲೇ ಬಿಟ್ಟು ಬಂದಿದ್ದರಂತೆ. ಕೋಲು ಹಿಡಿದ ಒಬ್ಬ ಮುದುಕರು ಎಲೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಅಳತೊಡಗಿದರು. ಇಂಥವರಿಗೆ ಮೋಸವಾಯಿತಲ್ಲ!

ಪೂಜೆ ಮುಗಿದು ಎಲ್ಲರೂ ಸಭಾಂಗಣದಲ್ಲಿ ಟೀಗೆ ಸೇರಿದಾಗ ಪಾದ್ರಿ ನನ್ನ ಕಿವಿಯಲ್ಲಿ ಕೇಳಿದರು, "ಮೆಂತೆ ಅಲ್ವಾ ಮಾರಾಯ್ರೆ? ನೀವೇ ಹೇಳಿಬಿಡಿ, ನಾನು ಹೇಳುವುದಿಲ್ಲ." ಆಂಟಿಯ ಬಳಿ ಹೋಗಿ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. "ನನ್ನ ತಮ್ಮ ಕಳಿಸಿದ್ದನ್ನ ತಿಂದ್ರಾ?" ಎಂದರು. ಟೀ ಕಪ್ಪು ಕೆಳಗಿಟ್ಟರು. "ಸರಿ, ಇವರಿಗೂ ನೀನೇ ಹೇಳು."

ಇಪ್ಪತ್ತು ಜನರ ಮುಂದೆ ನಿಂತು, ನೊರೆ ಒರೆಸಿಕೊಂಡು, ತಪ್ಪೊಪ್ಪಿಕೊಂಡೆ. ಆಗ ಆ ಕೋಲಿನ ಮುದುಕರು ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ ಮಗಾ! ಈ ಎಲೆ ಮೂಸಿ, ಕಣ್ಣು ಮುಚ್ಚಿ ನಮ್ಮೂರನ್ನ ನೆನೀತೀನಿ, ಎಷ್ಟು ಸಲ ನೆನೆದ್ರೂ ಬಸ್ ಸ್ಟಾಪಿನ ಹತ್ತಿರ ನಿಮ್ಮ ಕಡೆಯವರು ಇಟ್ಟಿರೋ ಬಾಲ್ಟಿ ಕರಿ ಹೋಟೆಲೇ ಕಣ್ಮುಂದೆ ಬರ್ತಿತ್ತು. ಮರೆವಿನ ರೋಗ ಶುರುವಾಯ್ತು ಅಂತ ಅಳ್ತಾ ಇದ್ದೆ ಕಣೋ!"