ಕಾಲು ಸೆಕೆಂಡಿನ ಎಣ್ಣೆ

ಹೆಂಡತಿ: ಆ ಡಬ್ಬಿ ಇಲ್ಲಿ ಕೊಡೀಂದ್ರೆ!

ಮೇಷ್ಟ್ರು: ಕೊಡಲ್ಲ. ಎಣ್ಣೆ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಕ್ಕೇ ತಂದಿದ್ದು. ನೋಡು, ಕೊಬ್ಬು ಸೊನ್ನೆ ಅಂತ ಬರೆದಿದೆ!

ಲೆಕ್ಕದ ಮೇಷ್ಟ್ರು ಎಣ್ಣೆ ಸ್ಪ್ರೇ ಡಬ್ಬಿಯನ್ನು ಎದೆಗವಚಿಕೊಂಡು ಒಲೆಯ ಮುಂದೆ ನಿಂತಿದ್ದರು. ಹೆಂಡತಿಯ ಕೈಯಲ್ಲಿ ಸಟ್ಟುಗ. ಮೊನ್ನೆ ಬಂದಿಳಿದ ಮೇಷ್ಟ್ರ ಅತ್ತೆ ಖಾಲಿ ತಟ್ಟೆ ಮುಂದಿಟ್ಟುಕೊಂಡು ಆಮ್ಲೆಟ್‌ಗೆ ಕಾಯುತ್ತಿದ್ದರು.

ಹೆಂಡತಿ: ಕೆಳಗೆ ಸಣ್ಣಕ್ಷರದಲ್ಲಿರೋದನ್ನೂ ಓದಿ. ಕಾಲು ಸೆಕೆಂಡ್ ಒತ್ತಿದ್ರೆ ಮಾತ್ರ ಸೊನ್ನೆ. ನೀವು ರಾಷ್ಟ್ರಗೀತೆ ಮುಗಿಯೋವರೆಗೂ ಒತ್ತಿರ್ತೀರಿ.

ಮೇಷ್ಟ್ರು: ಸೊನ್ನೇನ ಎಷ್ಟರಿಂದ ಗುಣಿಸಿದ್ರೂ ಸೊನ್ನೇನೇ ಕಣೆ.

ಹೆಂಡತಿ: ಹಾಗಾದ್ರೆ ಈ ಹೊಟ್ಟೆ ಯಾವ ಗುಣಾಕಾರದ ಉತ್ತರ?

ಅತ್ತೆ: ಆಮ್ಲೆಟ್ ಆಯ್ತೇನೇ?

ಹೆಂಡತಿ: ತಾಳಮ್ಮ. ರೀ, ಇದ್ರಲ್ಲಿ ಎಣ್ಣೆ ತಳ್ಳೋಕೆ ಗ್ಯಾಸ್ ಬೇರೆ ತುಂಬಿದ್ದಾರೆ.

ಮೇಷ್ಟ್ರು: ನಮ್ಮ ಒಲೇಲೂ ಗ್ಯಾಸೇ ಇರೋದು.

ಹೆಂಡತಿ: ಒಲೇಲಿದ್ರೆ ಅಡುಗೆ ಬೇಯುತ್ತೆ. ನಿಮ್ಮ ಹೊಟ್ಟೇಲಿದ್ರೆ ರಾತ್ರಿಯೆಲ್ಲ ನಾನು ಬೇಯಬೇಕು! ಸ್ಪ್ರೇನೇ ಬೇಕು ಅಂದ್ರೆ ಒಂದು ಬಾಟ್ಲಿಗೆ ನಮ್ಮ ಎಣ್ಣೇನೇ ತುಂಬಿಕೊಳ್ಳೋಣ.

ಮೇಷ್ಟ್ರು: ಕನ್ನಡಿ ಒರೆಸೋ ಬಾಟ್ಲಿ ಖಾಲಿಯಾಗಿದೆ, ತರ್ಲಾ?

ಹೆಂಡತಿ: ಆಮ್ಲೆಟ್‌ನಲ್ಲಿ ಮುಖ ನೋಡ್ಕೋಬೇಕಾ? ಬೇಡ ಬಿಡಿ. ಎರಡು ಹನಿ ಎಣ್ಣೆ ಬಿಟ್ಟು ಬ್ರಷ್‌ನಲ್ಲಿ ಸವರಿದ್ರಾಯ್ತು. ಹೋಗಿ, ಬ್ರಷ್ ತನ್ನಿ.

ಮೇಷ್ಟ್ರು ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಹೋಗಿ ಬಂದರು.

ಹೆಂಡತಿ: ಅಯ್ಯೋ, ಇದು ಹಲ್ಲುಜ್ಜೋ ಬ್ರಷ್ಷು!

ಮೇಷ್ಟ್ರು: ಹಳೇದು ಕಣೆ. ಯಾರೂ ಬಳಸಲ್ಲ, ಈ ಹಸಿರು.

ಅತ್ತೆ: ಹಸಿರು ನಂದು ಅಳಿಯಂದ್ರೇ. ಬೆಳಿಗ್ಗೆ ತಾನೇ ಉಜ್ಜಿದ್ದೀನಿ.

ಮೇಷ್ಟ್ರು ಮತ್ತೆ ಓಡಿದರು. ಈ ಸಲ ತಂದದ್ದು ಗಡ್ಡದ ಬ್ರಷ್.

ಹೆಂಡತಿ: ದೇವರೇ! ಇದ್ರಲ್ಲಿ ಸವರಿದ್ರೆ ಆಮ್ಲೆಟ್ ನೊರೆ ಕಕ್ಕುತ್ತೆ!

ಮೇಷ್ಟ್ರು: ಇಷ್ಟೆಲ್ಲ ಯಾಕೆ? ಈ ಡಬ್ಬಿ ಒಂದಿದ್ರೆ...

ಹೆಂಡತಿ: ಯಾಕೆ ಅಂತ ಕೇಳ್ತೀರಾ? ಹೋದ ವಾರ ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಂಡು ಕೂತ್ರಲ್ಲ, ಆವತ್ತು ನನ್ನ ಕೈಕಾಲೇ ತಣ್ಣಗಾಗಿಹೋಗಿತ್ತು.

ಮೇಷ್ಟ್ರು ಕಂಕುಳಿನ ಡಬ್ಬಿಯನ್ನು ತೆಗೆದು ಹೆಂಡತಿಯ ಕೈಗಿಟ್ಟರು. ಹೆಂಡತಿ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ, ಎಣ್ಣೆಗೆ ಸೋಕಿಸಿ, ಬಾಣಲೆಗೆ ತಿಕ್ಕಿ ಮೊಟ್ಟೆ ಹುಯ್ದರು. ಆಮ್ಲೆಟ್ ಎಲ್ಲೂ ಹಿಡಿಯದೆ ಸುರ್ರನೆ ಜಾರಿ ತಟ್ಟೆಗೆ ಬಿತ್ತು.

ಮೇಷ್ಟ್ರು: ಭಲೇ! ಒಪ್ಪಿದೆ ಕಣೆ, ನೀನೇ ಗೆದ್ದೆ. ಅತ್ತೆ, ನೀವು ಮೊದಲು ರುಚಿ ನೋಡಿ ಹೇಳಿ.

ಅತ್ತೆ ಒಂದು ತುಣುಕು ಬಾಯಿಗಿಟ್ಟು ಮುಖ ಕಿವುಚಿದರು. ಎದ್ದುಹೋಗಿ ಫ್ರಿಜ್ಜಿನಿಂದ ಬೆಣ್ಣೆ ತಂದು, ನಿಂಬೆಗಾತ್ರದ ಉಂಡೆಯನ್ನು ಆಮ್ಲೆಟ್‌ನ ನಟ್ಟನಡುವೆ ಇಟ್ಟು, ತಟ್ಟೆಯನ್ನು ಅಳಿಯನ ಮುಂದೆ ತಳ್ಳಿದರು.

ಹೆಂಡತಿ: ಅಮ್ಮಾ! ಇದೇನು ಮಾಡ್ದೆ?

ಅತ್ತೆ: ಎಣ್ಣೆ ತೀರಾ ಕಡಿಮೆ ಆಗಿತ್ತು ಕಣೇ. ಪಾಪ, ಹುಷಾರಿಲ್ಲದ ಗಂಡಸು, ಒಣಒಣ ಹೇಗೆ ತಿಂತಾರೆ?

ಮೇಷ್ಟ್ರು ಆಗಲೇ ಚಮಚ ಎತ್ತಿಕೊಂಡಿದ್ದರು.

ಮೇಷ್ಟ್ರು: ಡಾಕ್ಟರ್ ಮಾತು ಮೀರಬಹುದು ಕಣೆ, ಹೆತ್ತತಾಯಿ ಮಾತು ಮೀರಬಾರದು. ಅದೂ ನಿನ್ನ ಹೆತ್ತತಾಯಿ!