ಝಡ್ ಡ್ರೈವ್ ಮತ್ತು ಹೆಣ್ಣು ನೋಡುವ ಶಾಸ್ತ್ರ

ತಿಮ್ಮರಾಜುವಿನ ಕಷ್ಟಕ್ಕೆಲ್ಲ ಮೂಲ ಅವನ ಲ್ಯಾಪ್‌ಟಾಪಿನಲ್ಲಿ ಕೂತಿದ್ದ ಒಂದು ಸಣ್ಣ ಚಿತ್ರ. ಚಿತ್ರದ ಕೆಳಗೆ ‘ಝಡ್’ ಎಂಬ ಅಕ್ಷರ. ಅದನ್ನು ಒತ್ತಿದರೆ ಸಾಕು, ತಮಿಳು ಸೀಮೆಯಲ್ಲಿರುವ ಮಾರಂಡಹಳ್ಳಿಯ ಕುರಿ ಸಾಕುವ ಕನ್ನಡದವರ ಸಂಘದ ಫೈಲುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಕಾಣಿಸಿದ್ದೆಲ್ಲ ಲ್ಯಾಪ್‌ಟಾಪಿನ ಒಳಗೇ ಇರುತ್ತದೆ ಎಂದು ಸಂಘದ ಗುಮಾಸ್ತನಾದ ತಿಮ್ಮರಾಜು ಆರು ವರ್ಷದಿಂದ ನಂಬಿಕೊಂಡಿದ್ದ. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವಾಣಿ, “ಅಣ್ಣಾ, ಅವೆಲ್ಲ ಈ ಮೂಲೇಲಿರೋ ದೊಡ್ಡ ಕಂಪ್ಯೂಟರ್‌ನಾಗೆ ಅವೆ. ನಿಮ್ದ್ರಾಗೆ ಇರೋದು ಬರೀ ಬಾಗ್ಲು” ಎಂದು ಎರಡು ಸಲ ಹೇಳಿದ್ದಳು. ಅವನು ಎರಡು ಸಲವೂ ತಲೆಯಾಡಿಸಿದ್ದನೇ ಹೊರತು ಮಾತು ತಲೆಯೊಳಗೆ ಹೋಗಿರಲಿಲ್ಲ. ಆ ಲ್ಯಾಪ್‌ಟಾಪು ಆಫೀಸಿನ ಹೊಸ್ತಿಲು ದಾಟಿದ್ದೇ ಇಲ್ಲ, ಹಾಗಾಗಿ ತೊಂದರೆಯೂ ಆಗಿರಲಿಲ್ಲ.

ಆ ಬುಧವಾರ ಮಾತ್ರ ಅದು ಹೊಸ್ತಿಲು ದಾಟಿತು. ತಿಮ್ಮರಾಜುವಿಗೆ ಮೂವತ್ತಮೂರು ತುಂಬಿತ್ತು. ಏಳು ಹೆಣ್ಣು ನೋಡಿ ಆಗಿತ್ತು, ಏಳೂ ಕಡೆ ಏನೋ ಒಂದು ಕೊಕ್ಕೆ. ಎಂಟನೆಯದು ಪಾಲಮಲೆಯ ಮೇಲಿನ ಊರಿನ ಮಾದಯ್ಯನ ಮಗಳು ಭಾಗ್ಯಲಕ್ಷ್ಮಿ. ಸೋದರಮಾವ ಹನುಮಂತರಾಯಪ್ಪನನ್ನು ಜೊತೆಗಿಟ್ಟುಕೊಂಡು ಇನ್ನೂ ಕತ್ತಲಿರುವಾಗಲೇ ಹೊರಟ ತಿಮ್ಮರಾಜು, ತನ್ನ ಉದ್ಯೋಗದ ಗತ್ತು ನಾಲ್ಕು ಜನಕ್ಕೆ ಕಾಣಲಿ ಅಂತ ಲ್ಯಾಪ್‌ಟಾಪನ್ನೂ ಹೆಗಲಿಗೆ ಹಾಕಿಕೊಂಡ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಒಂದು ಗಂಟೆ ಕೂತು, ಮೂರು ಬಸ್ಸು ಒಂದು ಜೀಪು ಬದಲಾಯಿಸಿ, ಹತ್ತು ಗಂಟೆಗೆ ಮಾದಯ್ಯನ ಜಗಲಿ ಹತ್ತಿದರು.

ಎಲ್ಲ ಚೆನ್ನಾಗಿಯೇ ನಡೆಯಿತು. ಮೇಟ್ಟೂರಿನಲ್ಲಿ ಬಿ.ಕಾಂ. ಓದಿದ್ದ ಭಾಗ್ಯಲಕ್ಷ್ಮಿ ಕಾಫಿ ತಂದುಕೊಟ್ಟು ಎರಡು ಸಲ ನಕ್ಕಳು. ಏಳು ಮನೆಗಳಲ್ಲಿ ಒಟ್ಟು ಸೇರಿ ತಿಮ್ಮರಾಜುವಿಗೆ ಸಿಕ್ಕ ನಗುವೇ ಅಷ್ಟಿರಲಿಲ್ಲ. ಅವನ ಎದೆ ತುಂಬಿ ಬಂತು. ಇವಳೇ ಆಗಬೇಕು ದೇವರೇ ಎಂದು ಕಾಫಿ ಆರುವವರೆಗೂ ಬೇಡಿಕೊಂಡ.

ಅಷ್ಟರಲ್ಲಿ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಹುಡುಗಿಯ ಅಜ್ಜಿ ಲಕ್ಷ್ಮಕ್ಕ ಕೇಳಿದಳು: “ನೀವು ಯಾವ ಕುಲ್ದೋರು?”

“ಬೆಳ್ಳಿಯೋರು ಅಜ್ಜಿ.”

ಕುಟ್ಟಾಣಿ ನಿಂತಿತು. “ನಾವು ಸಾಮೆಯೋರು. ಬೆಳ್ಳಿಯೋರೂ ಸಾಮೆಯೋರೂ ಒಂದೇ ತಾಯಿ ಮಕ್ಳು ಅಂತ ನಮ್ಮತ್ತೆ ಯೋಳ್ತಿದ್ರಲ್ಲಾ! ಅಂಗಾದ್ರೆ ಈ ಹೈದ ನಮ್ ಭಾಗ್ಯಂಗೆ ಅಣ್ಣ ಆಗ್ಬೇಕು.”

ಗಂಡಾಗಲು ಬಂದವನು ಅಣ್ಣನಾಗಿ ಕೂತುಬಿಟ್ಟ. ಮಾದಯ್ಯ ಗಡಿಯಾರ ನೋಡಿದ, ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು. “ಅನ್ನೆಲ್ಡು ಗಂಟೆಗೆ ರಾಹುಕಾಲ. ಅದಕ್ಕೂ ಮುಂಚೆ ತೀರ್ಮಾನ ಆದ್ರೆ ಎಲೆಅಡಿಕೆ ಬದ್ಲಾಯ್ಸಾಣ. ಇಲ್ಲಾಂದ್ರೆ ಬ್ಯಾಸ್ರ ಮಾಡ್ಕಬೇಡಿ, ನಾಳೆ ಬರಗೂರಿಂದ ಇನ್ನೊಂದ್ ಕಡೆಯೋರು ಬತ್ತಾವ್ರೆ.”

ತಿಮ್ಮರಾಜು ಹುಲಿಯಂತೆ ಎದ್ದ. ಸಂಘದಲ್ಲಿ ಕುರಿಗಳ ಪಟ್ಟಿಯ ಜೊತೆ ಮದುವೆ ವಯಸ್ಸಿನವರ ಪಟ್ಟಿಯೂ ಇತ್ತು. ಹೆಸರು, ವಯಸ್ಸು, ಓದು, ಕೆಲಸ, ಫೋಟೋ, ಕುಲ, ಆ ಕುಲಕ್ಕೆ ಹೆಣ್ಣು ಕೊಟ್ಟು ತರಬಹುದಾದ ನೆಂಟರು ಯಾರು, ಯಾರು ಅಣ್ಣತಮ್ಮಂದಿರು ಎಂಬುದನ್ನೆಲ್ಲ ಊರೂರಿನ ಹಿರಿಯರನ್ನು ಕೇಳಿ, ಕನ್ನಡದ ಮಾತನ್ನು ಶಾಲೆಯಲ್ಲಿ ಕಲಿತ ತಮಿಳು ಅಕ್ಷರದಲ್ಲಿ ಟೈಪು ಮಾಡಿ ತುಂಬಿದವನು ಅವನೇ. “ನಮ್ಗೂ ನಿಮ್ಗೂ ನೆಂಟಸ್ತಿಕೆ ಐತೆ ಅಜ್ಜಿ. ಎಲ್ಲಾ ಇದ್ರಾಗೇ ಐತೆ, ಈಗ್ಲೇ ತೋರುಸ್ತೀನಿ” ಎಂದು ಲ್ಯಾಪ್‌ಟಾಪು ತೆರೆದು ಝಡ್ ಒತ್ತಿದ.

ನೀಲಿ ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತಿತು, ಕೊನೆಗೆ ಝಡ್ ಸಿಗುತ್ತಿಲ್ಲ ಎಂದು ಹೇಳಿ ಕೈಚೆಲ್ಲಿತು.

“ಏನ್ಲಾ ತಿಮ್ಮಾ, ಪಟ್ಟಿ ಮನೇಲೇ ಬಿಟ್ ಬಂದ್ಯಾ?” ಎಂದ ಮಾವ.

“ಇಲ್ಲಾ ಮಾವ, ನಿನ್ನೆ ಸಾಯಂಕಾಲನೂ ಇತ್ತು!”

ಪಕ್ಕದ ಮನೆಯ ಕುಪ್ಪುಸ್ವಾಮಿ ಅಷ್ಟು ಹೊತ್ತಿಗೆ ಕರೆಯದೇ ಬಂದು ಕೂತಿದ್ದ. ಅಂಗಡಿ ಇಟ್ಟಿದ್ದ, ಅಂಗಡಿಯಲ್ಲಿ ವೈಫೈ ಇಟ್ಟಿದ್ದ, ಆದ್ದರಿಂದ ಕಂಪ್ಯೂಟರಿನ ವಿಷಯದಲ್ಲಿ ಬೆಟ್ಟಕ್ಕೆಲ್ಲ ಅವನದೇ ಮಾತು. “ನೆಟ್‌ವರ್ಕ್ ಇಲ್ಲ ತಂಬಿ, ಅಷ್ಟೇ! ನಮ್ ಕಡೆಗೆ ಬಾ.”

ಅವನ ತಮಿಳಿನಲ್ಲಿ ಕಡೆ ಎಂದರೆ ಅಂಗಡಿ. ಮೆರವಣಿಗೆ ಅಲ್ಲಿಗೆ ಹೋಯಿತು. ವೈಫೈ ಸಿಕ್ಕಿತು, ಝಡ್ ಸಿಗಲಿಲ್ಲ. “ಆಫ್ ಪಣ್ಣಿ ಆನ್ ಪಣ್ಣು” ಎಂದು ಕುಪ್ಪುಸ್ವಾಮಿ ತಾನೇ ಗುಂಡಿ ಅದುಮಿಬಿಟ್ಟ. ಮತ್ತೆ ಎದ್ದ ಲ್ಯಾಪ್‌ಟಾಪು ಕಣ್ಣು ಬಿಟ್ಟ ಕೂಡಲೇ ತಾಯಿ ಕಾಣದ ಕುರಿಮರಿಯ ಹಾಗೆ ಝಡ್‌ಗಾಗಿ ಹುಡುಕಾಡಿ, ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ ಸೆಟೆದು ನಿಂತಿತು. ಮೌಸಿನ ಬಾಣ ಕೂಡ ಅಲ್ಲಾಡಲಿಲ್ಲ. ಅದೇ ಹೊತ್ತಿಗೆ ಊರಿನ ಕರೆಂಟು ಹೋಗಿ ವೈಫೈಯೂ ಸತ್ತಿತು. ಗಂಟೆ ಹತ್ತೂಮುಕ್ಕಾಲು.

“ಫೋನ್ ಮಾಡಿ ಕೇಳ್ಬೇಕು. ಸಿಗ್ನಲ್ ಎಲ್ಲಿ ಸಿಕ್ತೈತೆ?” ತಿಮ್ಮರಾಜುವಿನ ದನಿ ಅಳುವಿನ ಅಂಚಿಗೆ ಬಂದಿತ್ತು.

ಎಲ್ಲರೂ ಒಟ್ಟಿಗೆ ಊರಾಚೆಯ ಬಂಡೆಯ ಕಡೆ ಕೈ ತೋರಿಸಿದರು. ಫೋನು ಹಿಡಿದುಕೊಂಡು ಹತ್ತಿದರೆ ಕೆಳಗಿನ ಟವರು ಸಿಗುತ್ತಿದ್ದುದು ಅಲ್ಲಿ ಮಾತ್ರ. ರಾಹುಕಾಲಕ್ಕೆ ಮುಂಚೆ ಮುಗಿಯಲಿ ಅಂತ ಮಾದಯ್ಯ ಎಲೆಅಡಿಕೆ ತಟ್ಟೆಯನ್ನೂ ಎತ್ತಿಕೊಂಡ. ಲಕ್ಷ್ಮಕ್ಕ ಕುಟ್ಟಾಣಿ ಹಿಡಿದು ಮೊಮ್ಮಗಳ ಭುಜದ ಆಸರೆಯಲ್ಲಿ ಹತ್ತಿದಳು. ಕುಪ್ಪುಸ್ವಾಮಿ ಅಂಗಡಿಗೆ ಬೀಗ ಹಾಕಿಯೇ ಬಂದ.

ತಿಮ್ಮರಾಜು ವಾಣಿಗೆ ಫೋನು ಹಚ್ಚಿ, ಏದುಸಿರಿನಲ್ಲಿ ಸಂಗತಿ ಹೇಳಿದ. ಆ ಕಡೆಯಿಂದ ವಾಣಿ ನಿಟ್ಟುಸಿರು ಬಿಟ್ಟಳು.

“ಎಷ್ಟ್ ಸಲ ಯೋಳಿವ್ನಿ ಅಣ್ಣಾ! ಆಫೀಸ್ ಬಿಟ್ ಓದ್ರೆ ಆ ಬಾಗ್ಲು ಎಲ್ಲಿಗೂ ತೆಗ್ಯಲ್ಲ. ಸರಿ ಬುಡಿ. ಫೋನ್‌ನಾಗೆ ಹಾಟ್‌ಸ್ಪಾಟ್ ಆಕಿ. ಲ್ಯಾಪ್‌ಟಾಪ್‌ನ ಮೂಲೇಲಿ ಬೀಗದಕೈ ಚಿತ್ರ ಐತಲ್ಲ, ನಾನೇ ಆಕಿದ್ದು, ಅದನ್ನ ಒತ್ತಿ. ಹೊರಗಿಂದ್ಲೇ ಆಫೀಸ್ ಒಳಕ್ಕೆ ಕರ್ಕಂಡ್ ಓಯ್ತೈತೆ.”

ಸೆಟೆದಿದ್ದ ಲ್ಯಾಪ್‌ಟಾಪು ಬಂಡೆ ಹತ್ತುವಷ್ಟರಲ್ಲಿ ತಾನಾಗಿಯೇ ಸಡಿಲಗೊಂಡಿತ್ತು. ಒತ್ತಿದ. ಬಂಡೆಯ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಐದು ನಿಮಿಷ ಕಳೆದ ಮೇಲೆ ಝಡ್ ತೆರೆದುಕೊಂಡಿತು!

“ಈಗ್ಲೇ ಪಟ್ಟಿ ತೆಗೀಬೇಡಿ” ಎಂದಳು ವಾಣಿ. “ನಡೂಮಧ್ಯೆ ಸಿಗ್ನಲ್ ಓದ್ರೆ ತಿರ್ಗಾ ನಿಂತೋಯ್ತದೆ. ಅದ್ರ ಮ್ಯಾಲೆ ರೈಟ್ ಕ್ಲಿಕ್ ಮಾಡಿ, ಯಾವಾಗ್ಲೂ ಲ್ಯಾಪ್‌ಟಾಪ್‌ನಾಗೂ ಒಂದ್ ಕಾಪಿ ಇರ್ಲಿ ಅಂತ ಕೊಡಿ. ಪಚ್ಚೆ ಗುರುತು ಬರೋಗಂಟ ಕಾಯಿರಿ. ಆಮೇಲೆ ನೆಟ್‌ವರ್ಕ್ ಎಕ್ಕುಟ್ಟೋದ್ರೂ ಪಟ್ಟಿ ನಿಮ್ ತಾವೇ ಇರ್ತೈತೆ.”

ಪಚ್ಚೆ ಗುರುತು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಫೋನನ್ನು ತಲೆಯ ಮೇಲೆ ಹಿಡಿದು ನಿಂತರೆ ಬೇಗ ಬರುತ್ತದೆಂದು ಕುಪ್ಪುಸ್ವಾಮಿ ಹೇಳಿದ್ದರಿಂದ ತಿಮ್ಮರಾಜು ಅಷ್ಟೂ ಹೊತ್ತು ಬಿಸಿಲಲ್ಲಿ ಕೈಯೆತ್ತಿ ನಿಂತ. ಅಂಗಿ ಬೆವರಿಗೆ ಅಂಟಿತು. ಭಾಗ್ಯಲಕ್ಷ್ಮಿ ಸೆರಗಿನ ಮರೆಯಲ್ಲಿ ಮೂರನೆಯ ಸಲ ನಕ್ಕಳು. ಕೈ ಬಿದ್ದುಹೋದರೂ ಸರಿ ಎಂದುಕೊಂಡ ತಿಮ್ಮರಾಜು.

ಹನ್ನೊಂದೂವರೆಗೆ ಪಟ್ಟಿ ತೆರೆಯಿತು. ಸಾಮೆಯವರ ಸಾಲಿನಲ್ಲಿ, ನೆಂಟರು ಎಂಬ ಕಡೆ, ಬೆಳ್ಳಿಯವರ ಹೆಸರು ಢಾಳಾಗಿ ಕೂತಿತ್ತು. ಮಾದಯ್ಯ ಅದನ್ನು ಗಟ್ಟಿಯಾಗಿ ಓದಿದ.

“ಅಪ್ಪಡಿಯಾ? ಅಂಗಾದ್ರೆ ನಮ್ಮತ್ತೆಗೇ ಮರ್ತೋಗಿರ್ಬೇಕು” ಎಂದು ಲಕ್ಷ್ಮಕ್ಕ ಒಪ್ಪಿಕೊಂಡು ಮತ್ತೆ ಕುಟ್ಟಲು ಶುರುಮಾಡಿದಳು. ಹನುಮಂತರಾಯಪ್ಪ ತಟ್ಟೆಯ ಕಡೆ ಕೈ ಚಾಚಿದ. ತಿಮ್ಮರಾಜುವಿಗೆ ಬಂಡೆಯ ಮೇಲೆ ಕುಣಿಯುವಷ್ಟು ಸಂತೋಷವಾಯಿತು.

ಆಗ ಲಕ್ಷ್ಮಕ್ಕ ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದಳು. “ಅದೇನ್ ಮಗಾ, ಕೆಳಗೆ ಸಾಲಾಗಿ ಬರೀ ಗಂಡುಗ್ಳ ಮಕ ಕಾಣ್ತಾವೆ?”

“ನಮ್ ಜನ್ದಾಗೆ ಮದ್ವೆಗೆ ಇರೋ ಗಂಡುಗ್ಳೆಲ್ಲಾ ಅವ್ರೆ ಅಜ್ಜಿ. ನಾನೂರ ಅನ್ನೆಲ್ಡು ಜನ. ಎಲ್ಲಾ ನಾನೇ ಆಕಿದ್ದು” ಎಂದು ತಿಮ್ಮರಾಜು ಹೆಮ್ಮೆಯಿಂದ ಹೇಳಿದ. ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

“ನಾನೂರಾ!” ಮಾದಯ್ಯ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. “ಇರಿ ಅಣ್ಣಾವ್ರೆ, ಇನ್ನೂ ಅರ್ಧ ಗಂಟೆ ಐತಲ್ಲ. ಒಸಿ ಕೆಳಕ್ಕೆ ತಳ್ಳಿ ನೋಡಾಣ.”

ತಿಮ್ಮರಾಜುವಿಗೆ ಆಗ ಹೊಳೆಯಿತು. ಗಾಬರಿಯಿಂದ ಜೇಬಿಗೆ ಕೈ ಹಾಕಿ, ಯಾರಿಗೂ ಕಾಣದಂತೆ ಫೋನಿನ ಹಾಟ್‌ಸ್ಪಾಟು ಆರಿಸಿದ. ಈಗ ನಿಲ್ಲುತ್ತದೆ, ಈಗ ನೀಲಿ ಬಳೆ ಬರುತ್ತದೆ ಎಂದು ಕಾದ. ಪಟ್ಟಿ ಅಲ್ಲಾಡಲಿಲ್ಲ. ವಾಣಿ ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು.

“ಇಂಗೆ ಒಂದೊಂದಾಗಿ ನೋಡಿದ್ರೆ ಸಂಜೆ ಆಯ್ತದೆ ಅಪ್ಪಾ. ಇತ್ತ ಕೊಡಿ” ಎಂದು ಭಾಗ್ಯಲಕ್ಷ್ಮಿ ಲ್ಯಾಪ್‌ಟಾಪನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಿ.ಕಾಂ. ಸುಮ್ಮನೆ ಓದಿರಲಿಲ್ಲ. ಸಾಮೆಯವರಿಗೆ ನೆಂಟರಾದ ಕುಲಗಳನ್ನಷ್ಟೇ ಉಳಿಸಿದಳು. ತಿಮ್ಮರಾಜು ಉಳಿದ. ನೌಕರಿ ಇರುವವರನ್ನಷ್ಟೇ ಉಳಿಸಿದಳು. ಆಗಲೂ ಉಳಿದ. ಆಮೇಲೆ ವಯಸ್ಸಿನ ಜಾಗಕ್ಕೆ ಹೋಗಿ, ಮೂವತ್ತರ ಒಳಗೆ ಎಂದು ಒತ್ತಿದಳು. ತಿಮ್ಮರಾಜುವಿನ ಸಾಲು ಅಲ್ಲಿಂದ ಮಾಯವಾಯಿತು.

ಉಳಿದವನು ಒಬ್ಬನೇ. ಗುಂಗುರು ಕೂದಲಿನ, ಇಪ್ಪತ್ತಾರು ವರ್ಷದ ಹುಡುಗ.

“ಯಾರಿವ್ರು, ಅಶ್ವತ್ಥ್ ಅಂತ? ಕರೆಂಟ್ ಆಫೀಸ್‌ನಾಗೆ ಕೆಲ್ಸವಂತೆ” ಎಂದು ಕೇಳಿದ ಭಾಗ್ಯಲಕ್ಷ್ಮಿಯ ಮುಖದಲ್ಲಿ ನಾಲ್ಕನೆಯ ನಗು ಬಂತು. ಅದು ಮೊದಲ ಮೂರನ್ನೂ ಮೀರಿಸುವಂತಿತ್ತು.

ಹನುಮಂತರಾಯಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಅಕ್ಕನ ಮಗನನ್ನು ನೋಡಿದ, ಗಡಿಯಾರ ನೋಡಿದ, ಎಲೆಅಡಿಕೆ ತಟ್ಟೆ ನೋಡಿದ, ಗಂಟಲು ಸರಿಮಾಡಿಕೊಂಡ.

“ಅವ್ನು... ನನ್ ಮಗ.”

“ಏನ್ ಅಣ್ಣಾವ್ರೆ, ಮನೇಲೇ ಗಂಡು ಮಡಿಕ್ಕಂಡು ಇಷ್ಟೊತ್ತಿಂದ ಸುಮ್ಕೆ ಕುಂತಿದ್ರಾ!” ಎಂದು ಮಾದಯ್ಯ ತಟ್ಟೆಯನ್ನು ಮತ್ತೆ ಮುಂದಕ್ಕೆ ನೂಕಿದ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮಾವ ತಿಮ್ಮರಾಜುವಿನ ಬೆನ್ನ ಮೇಲೆ ಕೈಯಿಟ್ಟ. ಅವನ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. “ತಪ್ಪು ತಿಳ್ಕಬೇಡ ಕಣ್ಲಾ. ನಿಂಗೆ ಇನ್ನೊಂದ್ ನೋಡಾಣ. ಈಗ ಒಸಿ ಆ ಅಶ್ವತ್ಥನ್ ಫೋಟೋ ದೊಡ್ಡದ್ ಮಾಡ್ಲಾ, ಅಜ್ಜಿಗೆ ಕಾಣ್ಸಂಗಿಲ್ಲ.”

ತಿಮ್ಮರಾಜು ಒತ್ತಿದ. ನೆಟ್‌ವರ್ಕೂ ಇಲ್ಲದೆ, ಒಂದು ಕ್ಷಣವೂ ತಡವಾಗದೆ, ಅಶ್ವತ್ಥ್ ಪರದೆ ತುಂಬ ನಗುತ್ತ ಬಂದು ನಿಂತ.